ಮೂವತ್ತು ಸೆಕೆಂಡು

ಲಿಯೆಪಾಯಾದಲ್ಲಿ ಗಾಳಿಗೆ ರಜೆಯಿಲ್ಲ.
ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ನಮ್ಮ ಕಚೇರಿಯ
ನೆಲಮಾಳಿಗೆಯಲ್ಲಿ ಮಾತ್ರ
ಫ್ಯಾನುಗಳದ್ದೇ ಗಾಳಿ.

ಮೂರು ಲಿನಕ್ಸ್ ಯಂತ್ರ. ಒಂದರ ಹೊಟ್ಟೆಯಲ್ಲಿ ದೊಡ್ಡ ಡಿಸ್ಕು,
ಉಳಿದೆರಡಕ್ಕೆ ಹಸಿವು.
ಹಳದಿ ಕೇಬಲ್ ಎಳೆದೆ, ಪೋರ್ಟು ತೆರೆದೆ,
ಗುಟ್ಟಿನ ಪದ ಕೊಟ್ಟೆ.
ಎರಡೂ ಕಡೆ ಹೊಸ ಡಿಸ್ಕೊಂದು ಎದ್ದು ನಿಂತಿತು
ಅಲ್ಲೇ ಹುಟ್ಟಿ ಬೆಳೆದಂತೆ.

ಬ್ಲಾಕಿಗೆ ಕಡತ ಗೊತ್ತಿಲ್ಲ.
ಗೊತ್ತಿರುವುದು ತನ್ನ ಸಂಖ್ಯೆ, ತನ್ನ ನಾಲ್ಕು ಸಾವಿರ ಚಿಲ್ಲರೆ ಬೈಟು.
ಅಲ್ಯೂಮಿನಿಯಂ ಉಂಗುರಕ್ಕೇನು
ಹಾಡು ಗೊತ್ತೇ?

ಶುಕ್ರವಾರ ಎರಡರಲ್ಲೂ ಮೌಂಟ್ ಮಾಡಿ
ದೀಪ ಆರಿಸಿ ಬಿಯರು ಕುಡಿಯಲು ಹೋದೆ.

ಸೋಮವಾರ
ಎಂಬತ್ತೇಳನೇ ಇಸವಿಯ ಕೆಂಬಾಲದ ಹಕ್ಕಿಗೆ ಕೊಕ್ಕರೆಯ ತೂಕ.
ಗೂಬೆಯೊಂದು ಒಂದೇ ರಾತ್ರಿ ಎರಡು ಊರಲ್ಲಿ ಸತ್ತಿತ್ತು.
ಎರಡು ಯಂತ್ರವೂ ತಾನೇ ಯಜಮಾನ ಅಂದುಕೊಂಡು
ಒಂದೇ ಖಾಲಿ ಜಾಗಕ್ಕೆ ಬರೆದಿದ್ದವು.
ಯಾವುದೂ ಸುಳ್ಳು ಬರೆದಿರಲಿಲ್ಲ.

ಸ್ಕೈದ್ರೀತೆ,
ನಿವೃತ್ತಿಗೆ ಹನ್ನೊಂದು ವಾರ ಉಳಿದವಳು, ಕಾಗದದ ದಫ್ತರಗಳ ಒಡತಿ,
ಬೈಯಲಿಲ್ಲ. ನಕ್ಕಳು.
"ಐದು ಸಂಸಾರಕ್ಕೆ ಒಂದೇ ಅಡುಗೆಮನೆಯಿದ್ದ
ಸೋವಿಯತ್ ಕಾಲದ ಮಹಡಿಯಲ್ಲಿ ಬೆಳೆದವಳು ನಾನು.
ಒಂದೇ ಸೂಪಿಗೆ ಮೂವರು ಉಪ್ಪು ಹಾಕಿದ್ದು ಕಂಡಿದ್ದೇನೆ.
ಬೆಳಿಗ್ಗೆ ನೋಡಿದ ರುಚಿಯನ್ನೇ ನೆನಪಿಟ್ಟುಕೊಂಡು,
ಮತ್ತೆ ಚಮಚ ಅದ್ದದೆ.
ಮೂವರೂ ಒಳ್ಳೆಯವರೇ."

ಆಮೇಲೆ?

"ಆಮೇಲೆ ಗೋಡೆಗೊಂದು ಮೊಳೆ, ಮೊಳೆಗೊಂದು ಮರದ ಸೌಟು.
ಸೌಟು ಯಾರ ಕೈಯಲ್ಲೋ ಒಲೆ ಅವರದು.
ಗಿರ್ತ್ಸ್, ನಿನ್ನ ಸೌಟೆಲ್ಲಿ?"

ಎಲ್ಲ ಅಳಿಸಿದೆ.
ಒಂದು ಡಿಸ್ಕಿನಲ್ಲಿ ಇಬ್ಬರು ಬಾಳಲು ಬಲ್ಲ
ಕಡತವ್ಯವಸ್ಥೆ ಹಾಸಿದೆ. ಸೌಟು ಕಾಯಲು ಒಂದು ಪ್ರೋಗ್ರಾಮು.
ಬರೆಯುವ ಮೊದಲು ಕೇಳು,
ಬರೆದ ಮೇಲೆ ಹೇಳು,
ನಿನ್ನ ನೆನಪು ಹಳಸಿತೆಂದು ಯಾರಾದರೂ ಅಂದರೆ
ವಾದ ಮಾಡದೆ ಮತ್ತೆ ಓದು.

ಕೊನೆಗೆ ಒಂದು ಸಾಲು ಉಳಿದಿತ್ತು.
ಸೌಟು ಹಿಡಿದವನೇ ಮಾತು ನಿಲ್ಲಿಸಿದರೆ?
ಹತ್ತು ಸೆಕೆಂಡು ಕೂಗು. ಉತ್ತರವಿಲ್ಲವೇ,
ಅವನ ವಿದ್ಯುತ್ ಕಡಿ.
ಅರೆಜೀವದವನು ಎದ್ದು ಬಂದು
ಹಳೆಯ ನೆನಪನ್ನು ಹೊಸ ಪುಟಕ್ಕೆ ಗೀಚದಿರಲಿ ಎಂದು.

ಓದಿ ಹೇಳಿದೆ.
ಅವಳು ಚಹಾದ ಲೋಟ ಕೆಳಗಿಟ್ಟಳು.

"ಮೂರನೆಯ ಕೋಣೆಯಲ್ಲಿ ಝೆಲ್ಮಾ ಇದ್ದಳು.
ಕಿವಿ ಹೋಗಿತ್ತು, ಯಾರಿಗೂ ಹೇಳಿರಲಿಲ್ಲ.
ಮನೆ ಸಮಿತಿಯವರು ಎರಡು ಸಲ ಬಾಗಿಲು ಬಡಿದರು.
ಮೂರನೆಯ ದಿನ ಅವಳ ಪಾಲಿನ ಉರಿಯನ್ನು
ಬೇರೆಯವರ ಹೆಸರಿಗೆ ಬರೆದರು.
ಆ ಚಳಿಗಾಲವಿಡೀ ಅವಳು ಕಿಟಕಿಯ ಅಂಚಿನಲ್ಲಿ
ಸ್ಪಿರಿಟ್ ದೀಪದ ಮೇಲೆ ಮೊಟ್ಟೆ ಬೇಯಿಸಿಕೊಂಡಳು.
ಒಂದೊಂದೇ."

ಸತ್ತವನಿಗೂ ಕಿವುಡನಿಗೂ ಇರುವ ಅಂತರ
ಈ ತಂತಿಗೆ ತಿಳಿಯುವುದಿಲ್ಲ, ಅಂದೆ.

"ನಮಗೂ ತಿಳಿಯಲಿಲ್ಲ.
ಬಾಗಿಲು ಬಡಿದವರಲ್ಲಿ ನಮ್ಮಪ್ಪನೂ ಇದ್ದ."

ಹತ್ತನ್ನು ಅಳಿಸಿ ಮೂವತ್ತು ಮಾಡಿದೆ.
ಕೈಪಿಡಿ ಬೇಡವೆನ್ನುತ್ತದೆ: ಅಷ್ಟು ಹೊತ್ತು
ಎಲ್ಲರೂ ಕೈಕಟ್ಟಿ ನಿಲ್ಲಬೇಕು,
ಒಂದು ಗುಬ್ಬಿಯೂ ದಾಖಲಾಗದು.
ನಿಲ್ಲಲಿ.

ಮಧ್ಯಾಹ್ನವೆಲ್ಲ ಅವಳು ದಫ್ತರ ಓದಿದಳು, ನಾನು ಟೈಪು ಮಾಡಿದೆ.
ಕೆಂಬಾಲ. ಗಂಡು. ಹದಿನಾಲ್ಕು ಗ್ರಾಂ ಮೇಲೆ ಒಂದಿಷ್ಟು.
ಎರಡೂ ಪರದೆಯಲ್ಲಿ ಒಂದೇ ತೂಕ.
ಮುನ್ನೂರ ಆರನೆಯ ಹಕ್ಕಿಗೆ ಬರುವಾಗ
ಒಂದು ಯಂತ್ರ ಸುಮ್ಮನಾಯಿತು.

ಹನ್ನೊಂದು. ಹನ್ನೆರಡು.
ಇಬ್ಬರೂ ಬಾಯಿಬಿಟ್ಟು ಎಣಿಸಿದೆವು, ಅವಳು ಲಾಟ್ವಿಯನ್ನಿನಲ್ಲಿ,
ಅಭ್ಯಾಸಬಲದಿಂದ ನಡುನಡುವೆ ರಷ್ಯನ್ನಿನಲ್ಲಿ.

ಇಪ್ಪತ್ತಮೂರಕ್ಕೆ ಅದು
ಇದ್ದೇನೆ, ಅಂದಿತು.

ಸ್ಕೈದ್ರೀತೆ ಬೆರಳಿಗೆ ಎಂಜಲು ಹಚ್ಚಿ
ಪುಟ ತಿರುವಿದಳು.